ಕಾಳಜಿಯ ಹೆಸರಿನ ಕಾವಲು

ನಮ್ಮ ಕಡೆ ‘ಕಾಳಜಿ’ ಎಂಬ ಶಬ್ದಕ್ಕೆ ದೊಡ್ಡ ಮರ್ಯಾದೆ. ಕನ್ನಡದವರೂ ಅದನ್ನೇ ಅನ್ನುತ್ತಾರೆ, ಮರಾಠಿಯವರೂ ಅದನ್ನೇ ಅನ್ನುತ್ತಾರೆ. ಬಸ್ ಹತ್ತುವಾಗ ಅವ್ವ ಹೇಳುವ ಕೊನೆಯ ಮಾತು ‘ಕಾಳಜೀಲೆ ಹೋಗ’. ಆ ಶಬ್ದ ಕಿವಿಗೆ ಬಿದ್ದರೆ ಎದುರು ಮಾತಾಡಲು ಬಾಯಿಯೇ ಬರುವುದಿಲ್ಲ. ಬಹುಶಃ ಅದಕ್ಕೇ ಇರಬೇಕು, ಒಬ್ಬ ಮನುಷ್ಯ ಇನ್ನೊಬ್ಬರ ಫೋನು, ದುಡ್ಡು, ಗೆಳೆತನ, ಕೊನೆಗೆ ಪರೀಕ್ಷೆಯ ಹಾಲ್ ಟಿಕೆಟ್ಟನ್ನೂ ತನ್ನ ಕೈಗೆ ತೆಗೆದುಕೊಳ್ಳುವಾಗ ಇದೇ ಶಬ್ದವನ್ನು ಮುಂದಿಡುತ್ತಾನೆ.

ನಾನು ರಾಯಬಾಗ ತಾಲೂಕಿನವಳು. ಪದವಿ ಮುಗಿಸಿ, ಚಿಕ್ಕೋಡಿಯಲ್ಲಿ ಖೋಲಿ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಖೋಲಿಯಲ್ಲಿ ಮೂವರಿದ್ದೆವು. ಅವರಲ್ಲಿ ಒಬ್ಬಳ ಕಥೆ ಇದು. ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ‘ಹೆಸರು ಬ್ಯಾಡ, ಆದ್ರ ಹಾಲ್ ಟಿಕೆಟ್ ಸುದ್ದಿ ಮಾತ್ರ ಬಿಡಬ್ಯಾಡ’ ಎಂದು ಆಕೆಯೇ ಹೇಳಿದ್ದಾಳೆ.

ಆಕೆಗೆ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹುಡುಗನೊಂದಿಗೆ ಸಾಕರಪುಡಾ ಆಗಿತ್ತು. ಇದರಲ್ಲಿ ಹೊಸದೇನೂ ಇಲ್ಲ. ನಿಪ್ಪಾಣಿ, ಕಾಗವಾಡ, ಅಥಣಿ ಕಡೆ ಅರ್ಧ ಸಂಬಂಧಗಳು ಕೊಲ್ಹಾಪುರ, ಸಾಂಗಲಿ, ಮಿರಜಿನಲ್ಲೇ ಇರುತ್ತವೆ. ಹುಡುಗ ಎಂಐಡಿಸಿಯಲ್ಲಿ ಕೆಲಸಕ್ಕಿದ್ದ. ಪರೀಕ್ಷೆ ಮುಗಿದ ಮೇಲೆ ಮದುವೆ ಎಂಬ ಮಾತಾಗಿತ್ತು. ಮೊದಲ ತಿಂಗಳು ಆತ ದಿನಕ್ಕೆ ಐದಾರು ಸಲ ಫೋನ್ ಮಾಡುತ್ತಿದ್ದಾಗ ನಾವೇ ಆಕೆಯನ್ನು ಕಾಡಿಸಿದ್ದುಂಟು. ನಮ್ಮ ಸಿನಿಮಾಗಳ ನಾಯಕರು ಮಾಡುವುದು ಇನ್ನೇನು? ಬೇಡ ಎಂದವಳ ಹಿಂದೆ ಮೂರು ತಾಸು ಸುತ್ತಿದರೆ ಕೊನೆಗೆ ಹಾಡು ಬರುತ್ತದೆ.

ಆಮೇಲೆ ‘ಎಲ್ಲಿ ಅದಿ?’ ಎನ್ನುವುದು ‘ಯಾರ ಜೋಡಿ ಅದಿ?’ ಎಂದಾಯಿತು. ಅದೂ ಮುಗಿದು ‘ಫೋಟೋ ಕಳಸ’ ಶುರುವಾಯಿತು. ಲೈಬ್ರರಿಯಲ್ಲಿ ವಿಡಿಯೊ ಕಾಲ್ ಮಾಡಿ ಅಕ್ಕಪಕ್ಕದ ಕುರ್ಚಿಗಳನ್ನು ತೋರಿಸಬೇಕು. ಹುಡುಗರಿದ್ದಾರೆಂದು ನೋಟ್ಸ್ ಹಂಚಿಕೊಳ್ಳುವ ವಾಟ್ಸ್‌ಆ್ಯಪ್ ಗುಂಪಿನಿಂದ ಆಕೆಯನ್ನು ಹೊರಬರುವಂತೆ ಮಾಡಿದ. ಫೋನಿನ ಲೊಕೇಶನ್ ಇಡೀ ದಿನ ಹಂಚಿಕೆಯಲ್ಲಿರಬೇಕು. ‘ನಿನ್ನ ಮ್ಯಾಲಿನ ಕಾಳಜಿಗೆ ಕೇಳತೇನಿ’ ಎಂದು ಪ್ರತಿಸಲವೂ ಸೇರಿಸುತ್ತಿದ್ದ. ಯುವನಿಧಿಯ ಮೂರು ಸಾವಿರ ರೂಪಾಯಿ ಖಾತೆಗೆ ಬಿದ್ದ ದಿನವೇ ಆತನಿಗೆ ಫೋನ್‌ಪೇ ಆಗುತ್ತಿತ್ತು, ‘ಮದವಿ ಖರ್ಚಿಗೆ ಕೂಡಿ ಇಡತೇನಿ’ ಎಂಬ ಲೆಕ್ಕದಲ್ಲಿ. ಪರೀಕ್ಷೆಯ ಅರ್ಜಿಯನ್ನೂ ತಾನೇ ತುಂಬಿದ. ‘ನೀ ಓದಕೋತ ಕುಂದರ, ಸೈಬರ್ ಕೆಫೆಗೆ ಯಾಕ ಅಡ್ಡಾಡತಿ’ ಎಂದ. ಅರ್ಜಿಯಲ್ಲಿ ಹಾಕಿದ್ದು ತನ್ನ ಮೊಬೈಲ್ ನಂಬರು, ತನ್ನ ಇಮೇಲು. ಒಟಿಪಿ ಅವನಿಗೇ ಬರುತ್ತದೆ, ಪಾಸ್‌ವರ್ಡ್ ಅವನಿಗೇ ಗೊತ್ತು. ಹಾಲ್ ಟಿಕೆಟ್ ಬಿಟ್ಟ ದಿನ ಇಬ್ಬರಿಗೂ ಜಗಳವಾಗಿತ್ತು. ‘ಕ್ಷಮಾ ಕೇಳ, ಆಮ್ಯಾಲ ಕಳಸತೇನಿ’ ಎಂದು ಮೂರು ದಿನ ಸತಾಯಿಸಿದ.

ಹೊಡೆತ ಬಂದದ್ದು ಇದೆಲ್ಲ ಆದ ಮೇಲೆ. ನಿಪ್ಪಾಣಿ ಹತ್ತಿರ ರಸ್ತೆ ಬದಿ ಬೈಕ್ ನಿಲ್ಲಿಸಿ ಕಪಾಳಕ್ಕೆ ಬಾರಿಸಿದ. ಮರುದಿನ ಹೊಸ ಡ್ರೆಸ್ ತಂದುಕೊಟ್ಟು ಅತ್ತ. ಅದಕ್ಕೇ ಹೊಡೆತದಿಂದ ಲೆಕ್ಕ ಶುರು ಮಾಡುವವರು ತಡವಾಗಿ ಶುರು ಮಾಡುತ್ತಾರೆಂದು ನನಗನಿಸುವುದು. ಹೊಡೆಯುವ ಹೊತ್ತಿಗೆ ಆಕೆಯ ದುಡ್ಡು, ಗೆಳತಿಯರು, ಪರೀಕ್ಷೆ ಎಲ್ಲವೂ ಆತನ ಜೇಬಿನಲ್ಲಿದ್ದವು. ತಿರುಗಿಬಿದ್ದು ಎಲ್ಲಿಗೆ ಹೋಗಬೇಕು?

ಗುರುತಿಸುವುದು ಹೇಗೆಂದು ಕೇಳಿದರೆ ನಾನು ಉದ್ದ ಪಟ್ಟಿ ಕೊಡುವುದಿಲ್ಲ. ಜಗಳ ಎಲ್ಲ ಸಂಬಂಧದಲ್ಲೂ ಇರುತ್ತದೆ, ಸಿಟ್ಟು ಎಲ್ಲರಿಗೂ ಬರುತ್ತದೆ. ನೋಡಬೇಕಾದದ್ದು ಅಂಜಿಕೆ. ಫೋನ್ ರಿಂಗಾದರೆ ಎದೆ ಧಸಕ್ಕೆನ್ನುತ್ತದೆಯೇ? ಸಣ್ಣ ಮಾತು ಹೇಳುವ ಮೊದಲೂ ಆತನ ಮೂಡು ಹೇಗಿದೆಯೆಂದು ಅಳೆಯಬೇಕಾಗುತ್ತದೆಯೇ? ‘ಇಲ್ಲ’ ಎಂದರೆ ಶಿಕ್ಷೆ ಇದೆಯೇ? ಆ ಶಿಕ್ಷೆ ಹೊಡೆತವೇ ಆಗಬೇಕಿಲ್ಲ, ಮೂರು ದಿನದ ಮೌನವೂ ಆಗಬಹುದು, ‘ಸಾಯತೇನಿ’ ಎಂಬ ಬೆದರಿಕೆಯೂ ಆಗಬಹುದು. ನಾನು ಒಂದು ರಾತ್ರಿ ಆಕೆಯನ್ನು ಕೇಳಿದ್ದು ಇಷ್ಟೇ: ‘ಅವನ ಫೋನ್ ಬಂದ್ರ ನಿನಗ ಖುಷಿ ಆಗತೈತೋ, ಅಂಜಿಕಿ ಬರತೈತೋ?’ ಆಕೆ ಬಹಳ ಹೊತ್ತು ಉತ್ತರಿಸಲಿಲ್ಲ. ‘ಮದಲ ಖುಷಿ ಆಗತಿತ್ತು’ ಎಂದಳು.

ಇದು ನಮ್ಮ ಖೋಲಿಯೊಂದರ ಸಂಗತಿಯಾಗಿದ್ದರೆ ಪತ್ರಿಕೆಗೆ ಬರೆಯಬೇಕಿರಲಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 21ರ ಹತ್ತಿರವಿತ್ತು. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಇಡೀ ದೇಶದ ಲೆಕ್ಕದಲ್ಲಿ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ಯಾರದಾದರೂ ಸಹಾಯ ಕೇಳಿದವರು ಶೇ 14 ಮಾತ್ರ. ಮದುವೆಯಾಗದ ನಮ್ಮಂಥವರ ಗೆಳೆತನ, ಪ್ರೀತಿ, ಸಾಕರಪುಡಾಗಳು ಗಂಡನ ಹಿಂಸೆಯ ಆ ಶೇ 44ರ ಲೆಕ್ಕಕ್ಕೆ ಬರುವುದೇ ಇಲ್ಲ.

ಹೇಳಿಕೊಳ್ಳುವುದರ ವಿಷಯ ಬಂದಾಗ ನನಗೆ ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಣ್ಣುಮಕ್ಕಳು ನೆನಪಾಗುತ್ತಾರೆ. ಬೆಂಗಳೂರಿನ ದೀಪಾ ಧನರಾಜ್ ಮತ್ತು ಗೆಳತಿಯರ ‘ಯುಗಾಂತರ್’ ತಂಡ ಅವರ ಹೋರಾಟದ ಮೇಲೆ 1982ರಲ್ಲಿ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಚಿತ್ರ ಮಾಡಿತ್ತು. ದಿನಗೂಲಿ ಹೆಂಗಸರು ಸಂಘ ಕಟ್ಟಿದ್ದು ಮೊದಲು ತಮ್ಮತಮ್ಮಲ್ಲೇ ಮಾತಾಡಿಕೊಂಡು. ಅದೇ ತಂಡ ಮರುವರ್ಷ ತೆಲುಗಿನಲ್ಲಿ ಮನೆಯೊಳಗಿನ ಹಿಂಸೆಯ ಮೇಲೆ ಚಿತ್ರ ಮಾಡಿತು. ಗಂಡನ ಮನೆಯ ಕ್ರೌರ್ಯವನ್ನು ಅಪರಾಧವೆನ್ನುವ 498ಎ ಕಲಂ ಬಂದದ್ದೂ ಅದೇ 1983ರಲ್ಲಿ. ನಮ್ಮೂರ ಪಕ್ಕದಲ್ಲೇ ಇಷ್ಟೆಲ್ಲ ನಡೆದಿದೆ, ನಮ್ಮ ಯಾವ ಪಠ್ಯದಲ್ಲೂ ಓದಿದ ನೆನಪಿಲ್ಲ.

ಬಿಡುವ ಮೊದಲಿನ ತಯಾರಿ

‘ಇವತ್ತೇ ಅವನ್ನ ಬಿಟ್ಟಬಿಡ’ ಎಂದು ನಮ್ಮ ಮೂರನೆಯ ಗೆಳತಿ ಹಾರಾಡಿದಳು. ಹೇಳುವುದು ಸುಲಭ. ಆದರೆ ಇಂಥ ಸಂಬಂಧಗಳಲ್ಲಿ ಹೆಚ್ಚು ಅಪಾಯದ ಹೊತ್ತು ಬಿಡುತ್ತೇನೆಂದು ಹೇಳಿದ ಗಳಿಗೆ ಮತ್ತು ಅದರ ನಂತರದ ದಿನಗಳು. ಹಿಡಿತ ತಪ್ಪುತ್ತಿದೆ ಎಂದು ಗೊತ್ತಾದವನು ಏನು ಮಾಡಬಲ್ಲ ಎಂಬುದನ್ನು ಹುಬ್ಬಳ್ಳಿಯಲ್ಲಿ 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನೋಡಿದ್ದೇವೆ. ಒಬ್ಬ ವಿದ್ಯಾರ್ಥಿನಿಯ ಕೊಲೆ ಕಾಲೇಜು ಆವರಣದಲ್ಲೇ ಆಯಿತು, ತಿಂಗಳೊಳಗೆ ಇನ್ನೊಬ್ಬ ಯುವತಿಯ ಕೊಲೆ ಆಕೆಯ ಮನೆಯಲ್ಲೇ ಆಯಿತು. ಎರಡನೆಯ ಪ್ರಕರಣದಲ್ಲಿ ಬೆದರಿಕೆಯ ವಿಷಯ ಮೊದಲೇ ಪೊಲೀಸರಿಗೆ ತಿಳಿಸಿದ್ದೆವೆಂದು ಮನೆಯವರು ಹೇಳಿದರು, ಪೊಲೀಸರ ಅಮಾನತೂ ಆಯಿತು. ಆ ಸುದ್ದಿಗಳನ್ನು ಜಾತಿ, ಧರ್ಮದ ಜಗಳವಾಗಿ ಓದಿದವರೇ ಹೆಚ್ಚು. ನಮ್ಮಂಥ ಹುಡುಗಿಯರು ಓದಿದ್ದು ಬೇರೆ ರೀತಿ.

ಆದ್ದರಿಂದ ನಾವು ಮೊದಲು ಮಾಡಿದ್ದು 181ಕ್ಕೆ ಫೋನ್. ಇದು ಮಹಿಳಾ ಸಹಾಯವಾಣಿ, ದಿನದ 24 ತಾಸೂ ಇರುತ್ತದೆ. ಆಕೆಯ ಫೋನಿನಿಂದ ಮಾಡಲಿಲ್ಲ, ನನ್ನ ಫೋನಿನಿಂದ ಮಾಡಿದೆವು. ಆತ ಕಾಲ್ ಪಟ್ಟಿಯನ್ನೂ ನೋಡುತ್ತಿದ್ದ. ಎತ್ತಿದ ಹೆಣ್ಣುಮಗಳು ಮೊದಲು ಕೇಳಿದ್ದು ‘ಈಗ ಮಾತಾಡಲು ತೊಂದರೆ ಇಲ್ಲ ತಾನೇ? ಪಕ್ಕದಲ್ಲಿ ಯಾರಿದ್ದಾರೆ?’ ಎಂದು. ‘ಯಾಕೆ ಸಹಿಸಿಕೊಂಡಿರಿ’ ಎಂದು ಕೇಳಲಿಲ್ಲ. ಅಷ್ಟಕ್ಕೇ ಗೆಳತಿ ಅತ್ತುಬಿಟ್ಟಳು. ಹೊಡೆತ ಬೀಳುತ್ತಿರುವಾಗ, ಯಾರೋ ಬೆನ್ನು ಹತ್ತಿರುವಾಗ ಕರೆಯಬೇಕಾದದ್ದು 112. ಗಡಿ ಊರಿನವರಿಗೆ ಒಂದು ಮಾತು: ನಮ್ಮ ಮೊಬೈಲು ಯಾವಾಗ ಆಚೆಯ ಟವರ್ ಹಿಡಿಯುತ್ತದೋ ಹೇಳಲಾಗದು. ಫೋನ್ ಎತ್ತಿದ ಕೂಡಲೇ ಊರು, ತಾಲೂಕು, ಜಿಲ್ಲೆ, ರಾಜ್ಯ ಹೇಳಿಬಿಡಿ. 18 ತುಂಬದವರಿಗೆ 1098 ಇದೆ.

ನಂತರದ ಹತ್ತು ದಿನ ಆಕೆ ಆತನೊಂದಿಗೆ ಎಂದಿನಂತೆಯೇ ಮಾತಾಡಿದಳು. ಲೊಕೇಶನ್ ಬಂದ್ ಮಾಡಲಿಲ್ಲ, ಪಾಸ್‌ವರ್ಡ್ ಬದಲಿಸಲಿಲ್ಲ. ಒಮ್ಮೆಲೇ ಎಲ್ಲ ಮುಚ್ಚಿದರೆ ಆತನಿಗೆ ವಾಸನೆ ಹತ್ತುತ್ತದೆ. ಆ ದಿನಗಳಲ್ಲಿ ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಎಲ್ಲ ನನ್ನ ಟ್ರಂಕಿಗೆ ಬಂದವು. ಆಧಾರ್ ಎಷ್ಟು ದೊಡ್ಡದೆಂದರೆ, ಅದನ್ನು ಕಿತ್ತುಕೊಂಡರೆ ಶಕ್ತಿ ಯೋಜನೆಯ ಬಸ್ಸೂ ಕೈತಪ್ಪುತ್ತದೆ. ಕಿಸೆಯಲ್ಲಿ ನೂರು ರೂಪಾಯಿ ಇಲ್ಲದ ಹುಡುಗಿಗೆ ಮನೆ ಮುಟ್ಟುವ ದಾರಿಯೇ ಅದು. ಬೆದರಿಕೆಯ ಮೆಸೇಜುಗಳನ್ನು ದಿನಾಂಕ, ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ ತನ್ನ ಫೋನಿನಲ್ಲಿ ಅಳಿಸುತ್ತಿದ್ದಳು. ಮೂಲ ಮೆಸೇಜು ಮಾತ್ರ ಅಳಿಸಬಾರದು, ಸಾಕ್ಷ್ಯಕ್ಕೆ ಬೇಕು. ಅಂಚೆ ಕಚೇರಿಯಲ್ಲಿ ಹೊಸ ಖಾತೆ ತೆರೆದಳು. ನಮ್ಮ ಮೂವರಿಗೆ ಒಂದು ಗುಪ್ತ ಮಾತು ಇತ್ತು: ‘ಚಿಂಚಲಿ ಜಾತ್ರಿ ಯಾವಾಗ?’ ಎಂದು ಮೆಸೇಜ್ ಬಂದರೆ ಆಕೆ ಇದ್ದಲ್ಲಿಗೆ ಕೂಡಲೇ ಹೋಗಬೇಕು, ಇಲ್ಲವೇ 112 ಒತ್ತಬೇಕು. ಒಮ್ಮೆಯೂ ಬಳಸಬೇಕಾಗಲಿಲ್ಲ.

ಮನೆಗೆ ಹೇಳುವುದೇ ಕಠಿಣ. ಅಪ್ಪನಿಗೆ ನೇರ ಹೇಳಿದರೆ ‘ಮಂದಿ ಏನಂತಾರ’ ಬರುತ್ತದೆಂದು ಗೊತ್ತಿತ್ತು. ಸಾಕರಪುಡಾಕ್ಕೆ ಊಟ ಹಾಕಿಸಿದ್ದು ನಾನೂರು ಜನಕ್ಕೆ. ಆಕೆ ಮೊದಲು ಹೇಳಿದ್ದು ಸೋದರಮಾವನಿಗೆ. ಮಾವ ಸ್ಕ್ರೀನ್‌ಶಾಟು ನೋಡಿದ, ಏನೂ ಅನ್ನಲಿಲ್ಲ. ಮರುದಿನ ಬೈಕ್ ತಂದು ಆಕೆಯನ್ನು ತನ್ನ ಮನೆಗೆ ಕರೆದೊಯ್ದ. ಅಪ್ಪನಿಗೆ ಒಪ್ಪಿಸಿದ್ದು ಆತನೇ. ಮನೆಯಲ್ಲಿ ಯಾರಿಗೆ ಹೇಳಬೇಕೆಂದು ಯೋಚಿಸುವವರು ಯಾರ ಪ್ರೀತಿ ಹೆಚ್ಚು ಎನ್ನುವುದಕ್ಕಿಂತ ಯಾರ ಬಾಯಿ ಗಟ್ಟಿ, ಯಾರ ಮಾತು ಅಪ್ಪ ಕೇಳುತ್ತಾನೆ ಎಂದು ನೋಡಬೇಕು.

ಮಾವನ ಮನೆಯಿಂದಲೇ ಫೋನಿನಲ್ಲಿ ‘ಮದವಿ ಬ್ಯಾಡ’ ಎಂದಳು. ನಿರೀಕ್ಷಿಸಿದ್ದೇ ಬಂತು. ಮೊದಲು ಅಳು, ನಂತರ ‘ಕಡೀ ಸಲ ಒಮ್ಮೆ ಭೆಟ್ಟಿ ಆಗೋಣ, ತವನಿಧಿ ಘಾಟಿಗೆ ಬಾ’, ಅದಕ್ಕೂ ಒಪ್ಪದಿದ್ದಾಗ ‘ಫೋಟೋ ಎಲ್ಲಾರಿಗೂ ಬಿಡತೇನಿ’. ಆ ‘ಕಡೀ ಸಲ’ದ ಭೇಟಿಗೆ ಯಾರೂ ಹೋಗಬೇಡಿ. ಸಾಮಾನು ಕೊಡುವುದಿದ್ದರೆ ದೊಡ್ಡವರ ಕೈಯಲ್ಲಿ ಕಳಿಸಿ. ಎಂಟು ತಿಂಗಳಲ್ಲಿ ಮುಗಿಯದ ಮಾತು ಘಾಟಿನಲ್ಲಿ ಮುಗಿಯುತ್ತದೆಯೇ?

ಹದ್ದಿನ ತಕರಾರು

ಕಾನೂನಿನ ವಿಷಯದಲ್ಲಿ ನಮಗೆ ಗೊತ್ತಿದ್ದದ್ದು ಪರೀಕ್ಷೆಗೆ ಓದಿದಷ್ಟೇ: ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005, ಜಾರಿ 2006ರ ಅಕ್ಟೋಬರ್ 26. ಅದು ಹೊಡೆತವನ್ನಷ್ಟೇ ಅಲ್ಲದೆ ಬೈಗುಳ, ಅವಮಾನ, ದುಡ್ಡು ಕಿತ್ತುಕೊಳ್ಳುವುದನ್ನೂ ದೌರ್ಜನ್ಯವೆನ್ನುತ್ತದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ಅಂಗನವಾಡಿಯವರೆಲ್ಲ ಹೇಳುವ ಸಿಡಿಪಿಒ, ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಲ್ಲಿ ಹೋದಾಗ ನಮಗೆ ಹೊಸದೊಂದು ತಿಳಿಯಿತು: ಒಂದೇ ಸೂರಿನಡಿ ಬಾಳಿದವರಿಗೆ ಈ ಕಾಯ್ದೆ, ಸಾಕರಪುಡಾ ಮಾತ್ರ ಆದವರಿಗೆ, ಪ್ರೀತಿಸುತ್ತ ಬೇರೆಬೇರೆ ಇರುವವರಿಗೆ ಅನ್ವಯಿಸುವುದಿಲ್ಲ. ಹಾಗೆಂದು ಕೈಬಿಟ್ಟ ಹಾಗೂ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಬೆನ್ನು ಹತ್ತುವುದನ್ನು, ಬೇಡವೆಂದರೂ ಮತ್ತೆಮತ್ತೆ ಸಂಪರ್ಕಿಸುವುದನ್ನು, ಹೆಣ್ಣುಮಗಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದನ್ನು ಅಪರಾಧವೆನ್ನುತ್ತದೆ. ಬೆದರಿಕೆಗೆ 351, ಹೊಡೆತಕ್ಕೆ 115 ಇವೆ. ಖಾಸಗಿ ಫೋಟೋ ಹರಿಬಿಟ್ಟರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಸೇರುತ್ತದೆ.

ದೂರು ಕೊಡಲು ಹೋದ ಠಾಣೆಯಲ್ಲಿ, ಹೆಸರು ಬೇಡ, ಒಬ್ಬರು ‘ಹುಡುಗ ಮಹಾರಾಷ್ಟ್ರದವ, ಅಲ್ಲೇ ಹೋಗಿ ಕೊಡ್ರಿ, ನಮ್ಮ ಹದ್ದಿಗೆ ಬರೂದಿಲ್ಲ’ ಎಂದರು. ಗಡಿಯವರಿಗೆ ಈ ಮಾತು ರೇಷನ್ ಕಾರ್ಡಿನಿಂದ ಹಿಡಿದು ಎಲ್ಲದರಲ್ಲೂ ರೂಢಿ. ನಾವು ಮರಳಿ ಬಂದು ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋದೆವು. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ, ಸಹಾಯವಾಣಿ 15100. ವಕೀಲೆ ಒಬ್ಬರು ನಮ್ಮ ಮಾತು ಕೇಳಿ ನಕ್ಕರು. ಬೆದರಿಕೆಯ ಮೆಸೇಜು ಬಂದದ್ದು ಚಿಕ್ಕೋಡಿಯಲ್ಲಿ, ಅಂದ ಮೇಲೆ ಇದು ಇಲ್ಲಿಯದೇ ಪ್ರಕರಣ ಎಂದರು. ಇಲ್ಲದಿದ್ದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಹದ್ದು ಯಾವುದೇ ಇರಲಿ, ಠಾಣೆಯವರು ದೂರು ಬರೆದುಕೊಳ್ಳಬೇಕು. ‘ಝೀರೋ ಎಫ್‌ಐಆರ್’ ಎಂದು ಬಾಯಿಪಾಠ ಮಾಡಿದ್ದೆವು, ಅದು ನಮಗೇ ಬೇಕಾದೀತೆಂದು ಅಂದುಕೊಂಡಿರಲಿಲ್ಲ.

ಅವರೇ ಇನ್ನೊಂದು ಹೇಳಿದರು, ಇದು ಆಚೆ ಮದುವೆಯಾಗಿ ಹೋದ ಅಕ್ಕಂದಿರಿಗೆ ಬಹಳ ಮುಖ್ಯ. ಇಚಲಕರಂಜಿಯಲ್ಲೋ ಜತ್ತದಲ್ಲೋ ಗಂಡನ ಮನೆಯಲ್ಲಿ ಹಿಂಸೆಯಾಗಿ ತವರಿಗೆ ಬಂದಿದ್ದರೆ ಆ ಊರಿಗೇ ಹೋಗಿ ದೂರು ಕೊಡಬೇಕಿಲ್ಲ. ಆಸರೆ ಪಡೆದ ಊರಿನಲ್ಲೇ ಪ್ರಕರಣ ದಾಖಲಿಸಬಹುದೆಂದು ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. 2005ರ ಕಾಯ್ದೆಯ 27ನೇ ಕಲಂ ಕೂಡ ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟರ ಬಳಿ ಹೋಗಲು ಬಿಡುತ್ತದೆ, ಅಲ್ಲಿ ಕೊಟ್ಟ ಆದೇಶ ದೇಶದ ತುಂಬ ನಡೆಯುತ್ತದೆ. ಗಡಿ ತಾಲೂಕಿನ ಹೆಣ್ಣುಮಗಳಿಗೆ ಇದರಷ್ಟು ಉಪಯೋಗದ ಸಾಲು ಆ ಕಾಯ್ದೆಯಲ್ಲಿ ಇನ್ನೊಂದಿಲ್ಲ.

ಎರಡನೆಯ ಸಲ ವಕೀಲೆಯ ಕೈಬರಹದ ಅರ್ಜಿ ಹಿಡಿದು, ಮಾವನನ್ನು ಜೊತೆಗೆ ಕರೆದುಕೊಂಡು ಹೋದಾಗ ಅದೇ ಠಾಣೆಯಲ್ಲಿ ದೂರು ತೆಗೆದುಕೊಂಡರು, ಪ್ರತಿ ಕೊಟ್ಟರು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಬೇಕು. ಪ್ರಕರಣ ನಡೆದಿರುವುದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಫೋಟೋಗಳ ಭಯಕ್ಕೆ ಮಾತ್ರ ಒಂದಿಷ್ಟು ಹೇಳಬೇಕು, ಏಕೆಂದರೆ ನನ್ನ ವಯಸ್ಸಿನ ಎಷ್ಟೋ ಹುಡುಗಿಯರನ್ನು ಕಟ್ಟಿಹಾಕಿರುವುದು ಅದೇ. ‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ಜಾಲತಾಣವಿದೆ. ಅದು ನಿಮ್ಮ ಫೋಟೋವನ್ನು ಎಲ್ಲಿಗೂ ಕಳಿಸದೆ, ನಿಮ್ಮ ಫೋನಿನಲ್ಲೇ ಅದರ ಡಿಜಿಟಲ್ ಬೆರಳಚ್ಚು ತೆಗೆಯುತ್ತದೆ. ಜೊತೆಗೂಡಿದ ಕಂಪನಿಗಳು ಅದಕ್ಕೆ ಹೊಂದುವ ಚಿತ್ರವನ್ನು ತಡೆಯುತ್ತವೆ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳು ಹೆಸರು ಹೇಳದೆಯೂ ಇಂಥ ದೂರು ಕೊಡಬಹುದು. ದುಡ್ಡು ಕೊಟ್ಟೋ, ಮಾತು ಕೇಳಿಯೋ ಸುಮ್ಮನಾಗಿಸುತ್ತೇನೆಂದರೆ ಬೇಡಿಕೆ ನಿಲ್ಲುವುದಿಲ್ಲ. ಗೆಳತಿಯ ಫೋಟೋ ಇನ್ನೂ ಎಲ್ಲೂ ಬಂದಿಲ್ಲ.

ನಮ್ಮ ಕಡೆಯ ಕೊರತೆಯನ್ನೂ ಹೇಳಲೇಬೇಕು. ಹಿಂಸೆಗೊಳಗಾದವರಿಗೆ ವೈದ್ಯಕೀಯ, ಕಾನೂನು, ಸಮಾಲೋಚನೆ ಮತ್ತು ಐದು ದಿನಗಳವರೆಗೆ ಉಳಿಯುವ ವ್ಯವಸ್ಥೆ ಒಂದೇ ಕಡೆ ಕೊಡುವ ‘ಸಖಿ’ ಕೇಂದ್ರ ಜಿಲ್ಲೆಯ ಲೆಕ್ಕದಲ್ಲಿ ಬರುವಂಥದ್ದು, ನಮಗೆ ಜಿಲ್ಲೆ ಎಂದರೆ ಬೆಳಗಾವಿ. ಕಾಗವಾಡದಿಂದ ಮಿರಜ ಎದ್ದು ಹೋಗುವಷ್ಟು ಹತ್ತಿರ, ಬೆಳಗಾವಿ ಅರ್ಧ ದಿನದ ಪ್ರಯಾಣ. ರಾತ್ರಿ ಹತ್ತಕ್ಕೆ ಅಥಣಿಯ ತೋಟದ ಮನೆಯಿಂದ ಹೊರಬಿದ್ದವಳು ಬೆಳಗಾವಿ ಮುಟ್ಟುವುದು ಹೇಗೆ? ಚಿಕ್ಕೋಡಿ ಜಿಲ್ಲೆ ಆಗಬೇಕೆಂದು ದಶಕಗಳಿಂದ ಕೂಗುವವರು ಕಚೇರಿ, ಕಟ್ಟಡದ ಜೊತೆ ಇದನ್ನೂ ಬೇಡಿಕೆಯ ಪಟ್ಟಿಗೆ ಸೇರಿಸಲಿ. ಅಲ್ಲಿಯವರೆಗೆ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಪ್ಲೇಸ್‌ಮೆಂಟ್ ಡ್ರೈವ್ ಪಕ್ಕ 181 ಬರೆಯಲು ಯಾರ ಮಂಜೂರಾತಿಯೂ ಬೇಕಿಲ್ಲ.

ಹುಡುಗರು ಇಷ್ಟು ಓದಿದ್ದರೆ, ‘ನಮಗೂ ಹಿಂಗ ಆಗತೈತಿ’ ಎನ್ನುವವರು ಇದ್ದೀರಿ ಎಂದು ಗೊತ್ತು. 2005ರ ಕಾಯ್ದೆ ನಿಮಗಿಲ್ಲ. ಬೆದರಿಕೆ, ಹೊಡೆತ, ಬ್ಲ್ಯಾಕ್‌ಮೇಲಿನ ಕಲಂಗಳು ಮತ್ತು 112 ಎಲ್ಲರಿಗೂ ಒಂದೇ. ಮನಸ್ಸು ಕುಸಿದಾಗ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಗೆಳೆಯನೊಬ್ಬ ತನ್ನ ಹುಡುಗಿಯ ಫೋನ್ ಹಿಡಿದು ಓದುತ್ತ ನಗುತ್ತಿದ್ದರೆ ನೀವೂ ನಗಬೇಡಿ, ಅಷ್ಟು ಸಾಕು.

ಗೆಳತಿ ಈಗ ಬೇರೆ ಊರಿನಲ್ಲಿದ್ದಾಳೆ, ಎಲ್ಲಿ ಎಂದು ನಾವು ನಾಲ್ಕೈದು ಮಂದಿಗೆ ಮಾತ್ರ ಗೊತ್ತು. ಆ ಸಲದ ಪರೀಕ್ಷೆಯನ್ನು ಆಕೆ ಬರೆದಳು, ಪಾಸಾಗಲಿಲ್ಲ. ಮುಂದಿನ ಅಧಿಸೂಚನೆ ಬಂದಾಗ ಅರ್ಜಿಯನ್ನು ತಾನೇ ತುಂಬಿದಳು. ಮೊಬೈಲ್ ನಂಬರಿನ ಜಾಗದಲ್ಲಿ ತನ್ನ ಹೊಸ ನಂಬರು ಹಾಕಿ, ಒಟಿಪಿ ಬಂದ ಕೂಡಲೇ ಅದರ ಸ್ಕ್ರೀನ್‌ಶಾಟ್ ನನಗೆ ಕಳಿಸಿದ್ದಳು. ಒಟಿಪಿ ಯಾರಿಗೂ ಕಳಿಸಬಾರದು ಎಂದು ಬೈದೆ.